ಪಟ್ಟೆ ನೂಲಿನ ಕಾಲುಚೀಲ: ಹಿಮ್ಮಡಿಯನ್ನು ಕೊನೆಗೆ ಹೆಣೆಯಿರಿ

ತಾನೇ ಪಟ್ಟೆ ಮೂಡಿಸುವ ಉಣ್ಣೆ ನೂಲು ತಂದರೆ ಬಣ್ಣ ಬದಲಾಯಿಸುವ ಕೆಲಸ ನಿಮಗಿಲ್ಲ. ನೂಲಿಗೆ ಬಣ್ಣ ಹಾಕುವವರೇ ಇಷ್ಟು ಮೀಟರು ನೀಲಿ, ಇಷ್ಟು ಮೀಟರು ಹಳದಿ, ಮತ್ತಿಷ್ಟು ಹಸಿರು ಎಂದು ಅಳೆದು ಹಾಕಿರುತ್ತಾರೆ. ನೀವು ಸುತ್ತಿನ ಮೇಲೆ ಸುತ್ತು ಸೀದಾ ಹೆಣೆಯುತ್ತಾ ಹೋದರೆ ಪಟ್ಟೆಗಳು ಒಂದರ ಕೆಳಗೊಂದು ಬಂದು ಕೂರುತ್ತವೆ. ಷರತ್ತು ಒಂದೇ: ಸುತ್ತಿನಲ್ಲಿರುವ ಕುಣಿಕೆಗಳ ಲೆಕ್ಕ ಬದಲಾಗಬಾರದು. ಕಾಲುಚೀಲದಲ್ಲಿ ಈ ಲೆಕ್ಕ ಕೆಡುವ ಜಾಗ ಹಿಮ್ಮಡಿ. ಅದಕ್ಕೇ ಕಾಲಿನ ಭಾಗದಲ್ಲಿ ಅಚ್ಚುಕಟ್ಟಾಗಿದ್ದ ಪಟ್ಟೆ ಪಾದಕ್ಕೆ ಬರುವಷ್ಟರಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗಿ ಎಡವಟ್ಟಾಗುತ್ತದೆ. ಈ ಬರಹದಲ್ಲಿ ಹೇಳುವ ವಿಧಾನದಲ್ಲಿ ಹಿಮ್ಮಡಿಯನ್ನು ಮುಟ್ಟದೆ ಇಡೀ ಚೀಲ ಹೆಣೆದು ಮುಗಿಸುತ್ತೇವೆ. ಹಿಮ್ಮಡಿ ಆಮೇಲೆ.

ಸೀದಾ, ಉಲ್ಟಾ ಹೆಣಿಗೆ ಗೊತ್ತಿದ್ದು, ಒಂದಾದರೂ ಮಫ್ಲರ್ ಅಥವಾ ಟೋಪಿ ಮುಗಿಸಿದವರಿಗೆ ಇದು ಕಷ್ಟವಲ್ಲ. ಊಟಿ, ಕೋಟಗಿರಿ, ಕುನ್ನೂರಿನ ಕಡೆ ಮನೆಗೊಬ್ಬರಾದರೂ ಹೆಣೆಯಬಲ್ಲವರು ಸಿಗುತ್ತಾರೆ. ಆದರೂ ಸ್ವೆಟರಿಗೆ ಕೈಹಾಕುವವರು ಕಾಲುಚೀಲ ಎಂದರೆ ಹಿಂಜರಿಯುತ್ತಾರೆ. ಹಾಗೆ ನೋಡಿದರೆ ಈ ಗುಡ್ಡದಲ್ಲಿ ಸ್ವೆಟರಿಗಿಂತ ಹೆಚ್ಚು ಬೇಕಾಗುವುದು ಕಾಲುಚೀಲವೇ. ಊಟಿ 2,200 ಮೀಟರಿಗೂ ಎತ್ತರದ ಊರು. ಡಿಸೆಂಬರ್, ಜನವರಿಯಲ್ಲಿ ತಲೈಕುಂದಾ ಬಯಲಿನ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ. ಜೂನ್‌ನಿಂದ ಶುರುವಾಗುವ ಮಳೆಯಲ್ಲಿ ಸಿಮೆಂಟ್ ನೆಲ ತಿಂಗಳುಗಟ್ಟಲೆ ಕಾಲು ಕೊರೆಯುತ್ತದೆ. ಹತ್ತಿ ಕಾಲುಚೀಲ ಒದ್ದೆಯಾದರೆ ಇನ್ನಷ್ಟು ಚಳಿ. ಉಣ್ಣೆಯದು ಸ್ವಲ್ಪ ತೇವ ಹೀರಿದರೂ ಕಾಲು ಬೆಚ್ಚಗೇ ಇರುತ್ತದೆ.

ನೂಲು ಆರಿಸುವುದು

ಕಾಲುಚೀಲಕ್ಕೆಂದೇ ಬರುವ 4 ಪ್ಲೈ (ನಾಲ್ಕು ಎಳೆಯ) ನೂಲನ್ನೇ ಕೊಳ್ಳಿ. ಲೇಬಲ್ಲಿನಲ್ಲಿ 75% ಉಣ್ಣೆ, 25% ನೈಲಾನ್ ಅಥವಾ ಪಾಲಿಅಮೈಡ್ ಎಂದಿರುತ್ತದೆ. ನೈಲಾನ್ ಬೆರಕೆ ಎಂದು ಮೂಗು ಮುರಿಯಬೇಡಿ. ಹಿಮ್ಮಡಿ ಮತ್ತು ಬೆರಳಿನ ಜಾಗ ಸವೆದು ತೂತಾಗದಂತೆ ತಡೆಯುವುದು ಅದೇ. 100 ಗ್ರಾಂ ಉಂಡೆಯಲ್ಲಿ 400ರಿಂದ 425 ಮೀಟರ್ ನೂಲು ಬರುತ್ತದೆ, ದೊಡ್ಡವರ ಒಂದು ಜೊತೆಗೆ ಅಷ್ಟು ಸಾಕು. ಪಟ್ಟೆ ನೂಲಿನಲ್ಲಿ ಜರ್ಮನಿಯ ಓಪಲ್, ರೇಗಿಯಾ ಹೆಸರಾದವು. ಇಲ್ಲಿ ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸಬೇಕು, ಅಗ್ಗವೂ ಅಲ್ಲ. ಲೇಬಲ್ಲಿನಲ್ಲಿ ‘ಸೂಪರ್‌ವಾಶ್’ ಎಂದಿದ್ದರೆ ಒಗೆದಾಗ ಕುಗ್ಗಿ ಗಟ್ಟಿಯಾಗದ ಹಾಗೆ ಸಂಸ್ಕರಿಸಿದ ಉಣ್ಣೆ ಎಂದರ್ಥ. ದಿನಾ ಹಾಕುವ ಕಾಲುಚೀಲಕ್ಕೆ ಅದೇ ವಾಸಿ.

ಪೇಟೆಯಲ್ಲಿ ‘ಉಲ್ಲನ್’ ಎಂದು ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಸಂಶಯವಿದ್ದರೆ ಒಂದು ಬೆರಳುದ್ದ ನೂಲು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೈಲಾನ್ ಬೆರೆತ ನೂಲಿನಲ್ಲಿ ಎರಡೂ ಲಕ್ಷಣ ಸ್ವಲ್ಪ ಸ್ವಲ್ಪ ಕಾಣುತ್ತವೆ. ಅಕ್ರಿಲಿಕ್ಕಿನಲ್ಲೂ ಪಟ್ಟೆ ಮೂಡುವ ನೂಲು ಸಿಗುತ್ತದೆ. ಅಭ್ಯಾಸಕ್ಕೆ ಅದು ಸಾಕು. ಶೂ ಒಳಗೆ ಮಾತ್ರ ಕಾಲು ಬೆವರಿ ಅಂಟಂಟಾಗುತ್ತದೆ.

ನಮ್ಮ ಕಡೆಯದೇ ಉಣ್ಣೆ ಆಗದೇ ಎಂದು ಕೇಳುವವರಿದ್ದಾರೆ. ಗುಂಡ್ಲುಪೇಟೆ, ಚಾಮರಾಜನಗರದಿಂದ ಬರುವ ನೆಂಟರು ತರುವ ಕಂಬಳಿಯ ಉಣ್ಣೆ ಒರಟು, ಬರಿಗಾಲಿಗೆ ಚುಚ್ಚುತ್ತದೆ. ನೀಲಗಿರಿ ಕುರಿಯದು ಬೇರೆ ಕತೆ. 19ನೇ ಶತಮಾನದಲ್ಲಿ ಇಲ್ಲಿನ ನಾಡತಳಿಗೆ ಟ್ಯಾಸ್ಮೇನಿಯಾದ ಮೆರಿನೊ, ಚೆವಿಯಟ್, ಸೌತ್‌ಡೌನ್ ತಳಿಗಳನ್ನು ಸೇರಿಸಿ ಬೆಳೆಸಿದ ಕುರಿ ಅದು. ದಕ್ಷಿಣದಲ್ಲಿ ನಯವಾದ ಉಣ್ಣೆ ಕೊಡುವ ತಳಿ ಎಂದರೆ ಅದೇ. ಈಗ ಸಂಖ್ಯೆ ತೀರಾ ಇಳಿದಿದ್ದು, ಗೂಡಲೂರು ರಸ್ತೆಯ ಸ್ಯಾಂಡಿನಾಲಾದ ಕುರಿ ತಳಿ ಸಂಶೋಧನಾ ಕೇಂದ್ರದಲ್ಲಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಆ ಉಣ್ಣೆಯಲ್ಲಿ ಪಟ್ಟೆ ನೂಲು ಅಂಗಡಿಗೆ ಬಂದರೆ ಮೊದಲು ಕೊಳ್ಳುವವಳು ನಾನೇ.

ಕೊಳ್ಳುವಾಗ ಇನ್ನೊಂದು ಗಮನಿಸಿ. ಬಣ್ಣ ಬದಲಾಗುವ ನೂಲೆಲ್ಲ ಪಟ್ಟೆ ಮೂಡಿಸುವುದಿಲ್ಲ. ಗೇಣುದ್ದಕ್ಕೊಮ್ಮೆ ಬಣ್ಣ ಬದಲಾದರೆ ಒಂದೇ ಸುತ್ತಿನಲ್ಲಿ ಮೂರು ನಾಲ್ಕು ಬಣ್ಣ ಬಂದು ಚುಕ್ಕೆ, ಮಚ್ಚೆಗಳಾಗುತ್ತವೆ. ಒಂದು ಬಣ್ಣ ಕನಿಷ್ಠ ಒಂದೂವರೆ, ಎರಡು ಮೀಟರಾದರೂ ಉದ್ದ ಇದ್ದರೆ ಮಾತ್ರ ಪಟ್ಟೆ ಎನ್ನುವ ಹಾಗಿರುತ್ತದೆ.

ಜೊತೆಗೆ ಅದೇ ದಪ್ಪದ, ಒಂದೇ ಬಣ್ಣದ ಕಾಲುಚೀಲ ನೂಲು 50 ಗ್ರಾಂ ತನ್ನಿ. ಬಾಯಿಯ ಪಟ್ಟಿ, ಬೆರಳತುದಿ, ಹಿಮ್ಮಡಿ ಮೂರನ್ನೂ ಅದರಲ್ಲೇ ಹೆಣೆಯೋಣ. ಇದು ಅಂದಕ್ಕಷ್ಟೇ ಅಲ್ಲ, ಲೆಕ್ಕಕ್ಕೂ ಅನುಕೂಲ. ಹೇಗೆಂದು ಮುಂದೆ ಗೊತ್ತಾಗುತ್ತದೆ. ಬಣ್ಣ ನಿಮ್ಮಿಷ್ಟ. ಬಿಳಿ, ಬೂದಿ, ಕಪ್ಪು ಪಟ್ಟೆಯ ನೂಲಿಗೆ ಕಡುಗೆಂಪು ಹಿಮ್ಮಡಿ ಹಾಕಿದರೆ ತೋಡರು ಹೊದೆಯುವ ಕಸೂತಿ ಶಾಲು ಪುತ್ಕುಳಿಯ ಬಣ್ಣಗಳೇ ಕಾಲಿಗೆ ಬರುತ್ತವೆ. ನನಗೆ ಅದಕ್ಕಿಂತ ಚೆಂದದ ಜೋಡಣೆ ಇನ್ನೂ ಸಿಕ್ಕಿಲ್ಲ.

ಕಡ್ಡಿ ಮತ್ತು ಉಳಿದ ಸಾಮಾನು

2.5 ಮಿ.ಮೀ. ದಪ್ಪದ, ಎರಡೂ ತುದಿ ಚೂಪಾಗಿರುವ ಐದು ಕಡ್ಡಿಗಳ ಸೆಟ್ ಬೇಕು. ನಾಲ್ಕರ ಮೇಲೆ ಕುಣಿಕೆ, ಐದನೆಯದು ಹೆಣೆಯಲು. ಮೊದಲ ಸಲಕ್ಕೆ ಬಿದಿರು ಅಥವಾ ಮರದ ಕಡ್ಡಿ ತೆಗೆದುಕೊಳ್ಳಿ, ಸ್ಟೀಲಿನವು ಜಾರಿ ಬೀಳುತ್ತವೆ. ಬೆಳಗಿನ ಚಳಿಯಲ್ಲಿ ಸ್ಟೀಲ್ ಹಿಡಿದರೆ ಬೆರಳು ಮರಗಟ್ಟುವುದು ಬೇರೆ. ಜೈಪುರದ ನಿಟ್‌ಪ್ರೋ ಕಡ್ಡಿಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. 80 ಸೆಂ.ಮೀ.ಗಿಂತ ಉದ್ದದ ಸರ್ಕ್ಯುಲರ್ ಕಡ್ಡಿಯಲ್ಲೂ ಇದೇ ಕೆಲಸ ಮಾಡಬಹುದು. ಅದು ರೂಢಿಯಿದ್ದವರು ಅದರಲ್ಲೇ ಹೆಣೆಯಲಿ.

ಇದಲ್ಲದೆ ಅಳತೆ ಟೇಪು, ದೊಡ್ಡ ಕಣ್ಣಿನ ಮೊಂಡು ಸೂಜಿ, ಗುರುತಿಗೆ ಒಂದೆರಡು ಸೇಫ್ಟಿ ಪಿನ್ನು, ಒಂದು ಮೀಟರ್ ಉದ್ದದ ಎದ್ದು ಕಾಣುವ ಬಣ್ಣದ ನುಣುಪಾದ ಹತ್ತಿ ದಾರ. ಕ್ರೋಶಾ ದಾರವಾದರೂ ಸರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು.

ಎಷ್ಟು ಕುಣಿಕೆ?

ಮೊದಲು ಒಂದು ಮಾದರಿ ತುಂಡು ಹೆಣೆದು ನೋಡಿ. ಬೇಸರದ ಕೆಲಸ ನಿಜ. ಆದರೆ ಬಿಗಿಯಾಗಿ ಹೆಣೆಯುವವರ 60 ಕುಣಿಕೆಗೂ ಸಡಿಲವಾಗಿ ಹೆಣೆಯುವವರ 60 ಕುಣಿಕೆಗೂ ಒಂದಿಡೀ ಸೈಜಿನ ವ್ಯತ್ಯಾಸ ಬೀಳುತ್ತದೆ. ತುಂಡನ್ನೂ ಸುತ್ತಾಗಿಯೇ ಹೆಣೆಯಿರಿ. ಹಿಂದೆ ಮುಂದೆ ತಿರುಗಿಸಿ ಹೆಣೆದರೆ ಉಲ್ಟಾ ಸಾಲಿನಲ್ಲಿ ಹಲವರ ಕೈ ಸಡಿಲವಾಗುತ್ತದೆ. 10 ಸೆಂ.ಮೀ. ಅಗಲಕ್ಕೆ 30 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 42 ಸುತ್ತು ಆಸುಪಾಸು ಬಂದರೆ ಸರಿ. ಕುಣಿಕೆ ಕಡಿಮೆ ಬಂದರೆ 2.25ರ ಕಡ್ಡಿಗೆ ಇಳಿಯಿರಿ, ಹೆಚ್ಚಾದರೆ 2.75ಕ್ಕೆ ಏರಿ. ಕಾಲುಚೀಲದ ಹೆಣಿಗೆ ಸ್ವೆಟರಿಗಿಂತ ಬಿಗಿಯಾಗಿರಬೇಕು. ಸಡಿಲವಾದರೆ ಬೇಗ ಸವೆಯುತ್ತದೆ.

ಈಗ ಪಾದದ ಅತಿ ದಪ್ಪ ಭಾಗದ, ಅಂದರೆ ಬೆರಳುಗಳ ಬುಡದ ಹತ್ತಿರದ ಸುತ್ತಳತೆ ತೆಗೆದುಕೊಳ್ಳಿ. ಚೀಲ ಕಾಲಿಗೆ ಅಂಟಿ ನಿಲ್ಲಲು ಅದಕ್ಕಿಂತ ಹತ್ತನೇ ಒಂದು ಭಾಗ ಕಡಿಮೆ ಇರಬೇಕು. 22 ಸೆಂ.ಮೀ. ಪಾದಕ್ಕೆ ಸುಮಾರು 20 ಸೆಂ.ಮೀ. ಚೀಲ, ಸೆಂಟಿಮೀಟರಿಗೆ 3ರಂತೆ 60 ಕುಣಿಕೆ. ಗಂಡಸರ 25 ಸೆಂ.ಮೀ. ಪಾದಕ್ಕೆ 68 ಆಗುತ್ತದೆ. ಬಂದ ಸಂಖ್ಯೆಯನ್ನು ನಾಲ್ಕರಿಂದ ಭಾಗವಾಗುವ ಹತ್ತಿರದ ಸಂಖ್ಯೆಗೆ ಸರಿಹೊಂದಿಸಿಕೊಳ್ಳಿ. ಇಲ್ಲಿಂದ ಮುಂದೆ 60 ಕುಣಿಕೆಯ, 24 ಸೆಂ.ಮೀ. ಉದ್ದದ ಪಾದದ ಲೆಕ್ಕ ಹೇಳುತ್ತೇನೆ.

ಪಟ್ಟೆಯ ಅಗಲ ನಿರ್ಧಾರವಾಗುವುದೂ ಈ ಸಂಖ್ಯೆಯಿಂದಲೇ. ಕೆಲಸ ಶುರುವಾದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ: ಕಡ್ಡಿಯಿಂದ 5 ಮೀಟರ್ ನೂಲು ಅಳೆದು ಅಲ್ಲೊಂದು ಸಡಿಲ ಗಂಟು ಹಾಕಿ, ಗಂಟು ಕೈಗೆ ಬರುವಷ್ಟರಲ್ಲಿ ಎಷ್ಟು ಸುತ್ತಾಯಿತೆಂದು ಎಣಿಸಿ. ಆರೇಳು ಸುತ್ತು ಬಂದರೆ ಒಂದು ಸುತ್ತಿಗೆ ಮುಕ್ಕಾಲು ಮೀಟರ್ ಆಯಿತು. ನೂಲಿನಲ್ಲಿ ನೀಲಿ 3 ಮೀಟರ್ ಇದ್ದರೆ ನೀಲಿ ಪಟ್ಟೆ ನಾಲ್ಕು ಸುತ್ತು, ಸುಮಾರು ಒಂದು ಸೆಂಟಿಮೀಟರ್. ಇದೇ ನೂಲಿನಲ್ಲಿ ಮಗುವಿಗೆ 44 ಕುಣಿಕೆಯ ಚೀಲ ಹೆಣೆದರೆ ಪಟ್ಟೆ ಇನ್ನಷ್ಟು ಅಗಲವಾಗುತ್ತದೆ. ಸ್ವೆಟರ್ ಹೆಣೆಯಲು ಹೋದರೆ ಒಂದು ಸುತ್ತಿಗೇ ಬಣ್ಣ ಮುಗಿದು ಪಟ್ಟೆಯೇ ಇರುವುದಿಲ್ಲ. ಇಂಥ ಪಟ್ಟೆ ನೂಲನ್ನು ಕಾಲುಚೀಲಕ್ಕೆಂದೇ ಬೇರೆಯಾಗಿ ಮಾರುವುದು ಇದಕ್ಕೇ.

ಹಳೆಯ ಪದ್ಧತಿಯ ಹಿಮ್ಮಡಿ ಯಾಕೆ ಪಟ್ಟೆ ಕೆಡಿಸುತ್ತದೆ ಎಂಬುದೂ ಈ ಲೆಕ್ಕದಲ್ಲೇ ಇದೆ. ಆ ಪದ್ಧತಿಯಲ್ಲಿ 30 ಕುಣಿಕೆಗಳನ್ನು ಸುಮ್ಮನೆ ನಿಲ್ಲಿಸಿ, ಉಳಿದ 30ರಲ್ಲಿ ಹಿಂದೆ ಮುಂದೆ ಹೆಣೆದು ಹಿಮ್ಮಡಿ ಪಟ್ಟಿ ಮಾಡುತ್ತಾರೆ. ಒಂದು ಸಾಲಿಗೆ ಅರ್ಧ ನೂಲು ಮಾತ್ರ ಖರ್ಚಾಗುವುದರಿಂದ ಅಲ್ಲಿ ಪಟ್ಟೆ ಎರಡು ಪಟ್ಟು ಎತ್ತರ. ಆಮೇಲೆ ಪಟ್ಟಿಯ ಎರಡೂ ಅಂಚಿನಿಂದ ಹೊಸ ಕುಣಿಕೆ ಎತ್ತಿಕೊಂಡಾಗ ಸುತ್ತಿನಲ್ಲಿ 60ರ ಜಾಗದಲ್ಲಿ 75, 80 ಕುಣಿಕೆ ಸೇರುತ್ತವೆ, ಪಟ್ಟೆ ಸಣ್ಣದಾಗುತ್ತದೆ. ಜೊತೆಗೆ ಪಾದದ ಮೇಲ್ಭಾಗದಲ್ಲಿ ನೀಲಿಗೆ ನಿಂತದ್ದು ಒಮ್ಮೆಲೇ ಹಸಿರಿಗೆ ಹಾರುತ್ತದೆ. ಕಾಲಿಗೆ ಹಿತವಾಗಿ ಕೂರುವ ಹಿಮ್ಮಡಿ ಅದು, ಒಂದೇ ಬಣ್ಣದ ನೂಲಿಗೆ ನಾನೂ ಅದನ್ನೇ ಹಾಕುತ್ತೇನೆ. ಪಟ್ಟೆ ನೂಲಿಗೆ ಬೇಡ.

ಬಾಯಿ ಮತ್ತು ಕಾಲು

ಒಂದೇ ಬಣ್ಣದ ನೂಲಿನಿಂದ 60 ಕುಣಿಕೆ ಹಾಕಿ. ಇದು ಸಡಿಲವಾಗಿರಲೇಬೇಕು. ಬಾಯಿ ಬಿಗಿಯಾದರೆ ಹಿಮ್ಮಡಿ ದಾಟಿ ಚೀಲ ಮೇಲೇರುವುದಿಲ್ಲ. ಎರಡು ಕಡ್ಡಿ ಒಟ್ಟಿಗೆ ಹಿಡಿದು ಅದರ ಮೇಲೆ ಕುಣಿಕೆ ಹಾಕಿ, ಒಂದನ್ನು ಎಳೆದು ತೆಗೆದರೆ ಸಡಿಲ ತಾನಾಗಿ ಬರುತ್ತದೆ. ನಾಲ್ಕು ಕಡ್ಡಿಗೆ 15ರಂತೆ ಹಂಚಿ, ಕುಣಿಕೆಗಳ ತಳ ಎಲ್ಲೂ ತಿರುಚಿಕೊಳ್ಳದೆ ಒಳಮುಖವಾಗಿದೆಯೇ ನೋಡಿ, ಮೊದಲ ಕುಣಿಕೆಯಿಂದ ಸುತ್ತು ಸೇರಿಸಿ. ತಿರುಚಿಕೊಂಡಿದ್ದರೆ ಆಮೇಲೆ ಸರಿಮಾಡಲು ಬರುವುದಿಲ್ಲ, ಬಿಚ್ಚುವುದೊಂದೇ ದಾರಿ. ಸುತ್ತು ಶುರುವಾಗುವ ಜಾಗಕ್ಕೆ ಪಿನ್ನು ಹಾಕಿ.

ಎರಡು ಸೀದಾ, ಎರಡು ಉಲ್ಟಾ ಎಂದು 16 ಸುತ್ತು ರಿಬ್ ಹೆಣೆಯಿರಿ. ಸುಮಾರು 4 ಸೆಂ.ಮೀ. ಆಗುತ್ತದೆ. 15 ನಾಲ್ಕರಿಂದ ಭಾಗವಾಗದ ಕಾರಣ ಕಡ್ಡಿಯ ಕೊನೆಯಲ್ಲಿ ಲೆಕ್ಕ ತಪ್ಪುವ ಹಾಗೆ ಅನ್ನಿಸಬಹುದು. ಬೇಕಿದ್ದರೆ 16, 16, 16, 12 ಎಂದು ಹಂಚಿಕೊಂಡು ರಿಬ್ ಮುಗಿದ ಮೇಲೆ ಸರಿ ಮಾಡಿಕೊಳ್ಳಿ.

ಈಗ ಪಟ್ಟೆ ನೂಲು. ಉಂಡೆಯಿಂದ ಎಳೆದು, ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗ ಹುಡುಕಿ. ಉದಾಹರಣೆಗೆ ಹಳದಿ ಮುಗಿದು ನೀಲಿ ಬರುವ ಜಾಗ. ಅಲ್ಲಿಂದ ಒಂದು ಗೇಣು ಬಾಲ ಬಿಟ್ಟು ಹೆಣೆಯಲು ಶುರು ಮಾಡಿ. ಯಾವ ಜಾಗದಿಂದ ಶುರುವಾಯಿತು ಎಂದು ಚೀಟಿಯಲ್ಲಿ ಬರೆದಿಡಿ, ಎರಡನೆಯ ಚೀಲಕ್ಕೆ ಬೇಕು. ರಿಬ್ಬನ್ನೂ ಪಟ್ಟೆ ನೂಲಿನಲ್ಲೇ ಹೆಣೆದಿದ್ದರೆ ಕುಣಿಕೆ ಹಾಕುವಾಗ ಬಿಟ್ಟ ಬಾಲ ಎಷ್ಟು, ಎಷ್ಟು ನೂಲು ವ್ಯರ್ಥವಾಯಿತು ಎಂದೆಲ್ಲ ಲೆಕ್ಕ ಇಡಬೇಕಿತ್ತು. ಈಗ ಆ ತಾಪತ್ರಯ ಇಲ್ಲ.

ಇನ್ನು ಬರೀ ಸೀದಾ. ಜಾಲರಿ, ಕೇಬಲ್, ಹೂವಿನ ವಿನ್ಯಾಸ ಏನೂ ಬೇಡ. ಪಟ್ಟೆಯ ನಡುವೆ ಅವು ಕಾಣುವುದೂ ಇಲ್ಲ, ನೂಲಿನ ಖರ್ಚು ಏರುಪೇರಾಗಿ ಪಟ್ಟೆಯೂ ನೆಟ್ಟಗೆ ಬರುವುದಿಲ್ಲ. ಬಣ್ಣ ಸುತ್ತಿನ ಮಧ್ಯದಲ್ಲೇ ಬದಲಾಗುತ್ತದೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಅದನ್ನು ಸರಿಪಡಿಸಲು ನೂಲು ಕತ್ತರಿಸಿ ಜೋಡಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಹಾಕಿಕೊಂಡಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಉಂಡೆಯಲ್ಲಿ ಗಂಟು ಸಿಕ್ಕರೆ ಮಾತ್ರ ತಕ್ಷಣ ನಿಲ್ಲಿಸಿ. ಕಾರ್ಖಾನೆಯಲ್ಲಿ ನೂಲು ತುಂಡಾದ ಕಡೆ ಗಂಟು ಹಾಕಿರುತ್ತಾರೆ, ಗಂಟಿನ ಆಚೆ ಬೇರೆ ಬಣ್ಣ ಶುರುವಾಗಿರುವುದು ಸಾಮಾನ್ಯ. ನೀಲಿಯ ಮಧ್ಯದಲ್ಲಿ ಗಂಟು ಬಂದು ಆಚೆ ಹಸಿರಿದ್ದರೆ, ಮುಂದಿನ ನೀಲಿಯ ಅದೇ ಹಂತ ಬರುವವರೆಗೆ ನೂಲು ಎಳೆದು ಕತ್ತರಿಸಿ ಜೋಡಿಸಿ. ಕತ್ತರಿಸಿದ್ದನ್ನು ಎಸೆಯಬೇಡಿ, ಹರಿದಾಗ ಹೊಲಿಯಲು ಬರುತ್ತದೆ. ಹೆಣೆಯಲು ಶುರು ಮಾಡುವ ಮೊದಲೇ ಉಂಡೆಯನ್ನು ಒಮ್ಮೆ ಬಿಚ್ಚಿ ಸುತ್ತಿಕೊಂಡರೆ ಗಂಟುಗಳು ಮುಂಚೆಯೇ ಗೊತ್ತಾಗುತ್ತವೆ.

ಹಿಮ್ಮಡಿಗೆ ಗುರುತು

ಮೇಲಿನ ಅಂಚಿನಿಂದ 15 ಸೆಂ.ಮೀ. ಆದ ಮೇಲೆ ಈ ವಿಧಾನದ ಮುಖ್ಯ ಹೆಜ್ಜೆ. ಪಟ್ಟೆ ನೂಲನ್ನು ಪಕ್ಕಕ್ಕೆ ಬಿಡಿ, ಕತ್ತರಿಸಬೇಡಿ. ಹತ್ತಿ ದಾರ ತೆಗೆದುಕೊಂಡು ಮೊದಲ ಎರಡು ಕಡ್ಡಿಯ 30 ಕುಣಿಕೆಗಳನ್ನು ಅದರಲ್ಲಿ ಸೀದಾ ಹೆಣೆಯಿರಿ. ದಾರದ ಎರಡೂ ತುದಿ ಉದ್ದಕ್ಕೆ ಹೊರಗೆ ಬಿಡಿ. ಈಗ ಹೆಣೆದ ಆ 30 ಕುಣಿಕೆಗಳನ್ನು ಹೆಣೆಯದೆ, ಜಾರಿಸಿ ಮತ್ತೆ ಎಡಗೈ ಕಡ್ಡಿಗಳಿಗೇ ತನ್ನಿ. ಪಟ್ಟೆ ನೂಲು ಬಿಟ್ಟಲ್ಲೇ ಇದೆ. ಅದನ್ನು ಎತ್ತಿಕೊಂಡು ದಾರದ ಕುಣಿಕೆಗಳ ಮೇಲೇ ಸೀದಾ ಹೆಣೆದು ಸುತ್ತು ಮುಂದುವರಿಸಿ.

ಅಷ್ಟೇ. ಪಟ್ಟೆ ನೂಲಿನ ಮಟ್ಟಿಗೆ ಏನೂ ನಡೆದೇ ಇಲ್ಲ. ಸುತ್ತಿಗೆ 60 ಕುಣಿಕೆ ಹಾಗೇ ಇದೆ. ಬಟ್ಟೆಯಲ್ಲಿ ಮಾತ್ರ ಅರ್ಧ ಸುತ್ತು ಬೇರೆ ಬಣ್ಣದ ಗೆರೆಯೊಂದು ಉಳಿಯುತ್ತದೆ. ನಾಳೆ ಹಿಮ್ಮಡಿ ಬರುವುದು ಆ ಗೆರೆಯಿಂದ.

ಪಾದ ಮತ್ತು ಬೆರಳತುದಿ

ಚೀಲದ ಪಾದ ನಿಮ್ಮ ಪಾದಕ್ಕಿಂತ ಒಂದು ಸೆಂ.ಮೀ. ಚಿಕ್ಕದಿರಲಿ. 24 ಸೆಂ.ಮೀ. ಪಾದಕ್ಕೆ 23. ಇದರಲ್ಲಿ ಹಿಮ್ಮಡಿ ಸುಮಾರು 4.5, ಬೆರಳತುದಿ ಸುಮಾರು 4 ಸೆಂ.ಮೀ. ಉಳಿದದ್ದು 14.5. ದಾರದ ಗೆರೆಯಿಂದ ಅಷ್ಟುದ್ದ ಸೀದಾ ಹೆಣೆದು, ಪಟ್ಟೆ ನೂಲು ಕತ್ತರಿಸಿ, ಒಂದೇ ಬಣ್ಣದ ನೂಲು ಜೋಡಿಸಿ. ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಎರಡನೆಯ ಚೀಲಕ್ಕೆ ಟೇಪಿಗಿಂತ ಈ ಎಣಿಕೆಯನ್ನೇ ನಂಬಿ.

ಈ ಹಂತದಲ್ಲಿ ಹಿಮ್ಮಡಿ ಇಲ್ಲದ ಉದ್ದ ಕೊಳವೆ ನೋಡಿ ಮನೆಯವರು ನಗುತ್ತಾರೆ. ನಗಲಿ.

ಬೆರಳತುದಿಗೆ ಕುಣಿಕೆ ಕಡಿಮೆ ಮಾಡುವುದು ಹೀಗೆ. 60ನ್ನು ಪಾದದ ಅಡಿ 30, ಮೇಲೆ 30 ಎಂದು ನೋಡಿ. ಅಡಿಯ 30 ಹಿಮ್ಮಡಿಯ ದಾರದ ನೇರಕ್ಕೇ ಇರಬೇಕು. ಪ್ರತಿ 30ರ ಶುರುವಿನಲ್ಲಿ ಒಂದು ಸೀದಾ ಹೆಣೆದು, ಮುಂದಿನ ಎರಡನ್ನು ಒಂದೊಂದಾಗಿ ಸೀದಾ ಹೆಣೆಯುವಂತೆ ಕಡ್ಡಿ ತೂರಿಸಿ ಬಲಗಡ್ಡಿಗೆ ಜಾರಿಸಿ, ಎರಡರ ಹಿಂಬದಿಯಿಂದ ಒಟ್ಟಿಗೆ ಹೆಣೆಯಿರಿ. ಇದು ಎಡಕ್ಕೆ ಬಾಗುತ್ತದೆ. ಕೊನೆಯಲ್ಲಿ ಮೂರು ಉಳಿದಾಗ ಎರಡನ್ನು ಸೇರಿಸಿ ಸೀದಾ ಹೆಣೆದು, ಕೊನೆಯದನ್ನು ಸೀದಾ ಹೆಣೆಯಿರಿ. ಇದು ಬಲಕ್ಕೆ ಬಾಗುತ್ತದೆ. ಒಂದು ಸುತ್ತಿಗೆ ನಾಲ್ಕು ಕುಣಿಕೆ ಕಡಿಮೆಯಾಯಿತು. ಮುಂದಿನ ಸುತ್ತು ಬರೀ ಸೀದಾ. ಹೀಗೆ ಒಂದು ಸುತ್ತು ಬಿಟ್ಟು ಒಂದು ಸುತ್ತು ಕಡಿಮೆ ಮಾಡುತ್ತಾ 32ಕ್ಕೆ ಇಳಿಯಿರಿ. ಆಮೇಲೆ ಪ್ರತಿ ಸುತ್ತಿನಲ್ಲೂ ಕಡಿಮೆ ಮಾಡಿ 20ಕ್ಕೆ ನಿಲ್ಲಿಸಿ. ಒಟ್ಟು 17 ಸುತ್ತು.

ಉಳಿದ 20ನ್ನು 10ರಂತೆ ಎರಡು ಕಡ್ಡಿಗೆ ಹಾಕಿ ಮುಚ್ಚಬೇಕು. ಸುಮ್ಮನೆ ಹೊಲಿದರೆ ಶೂ ಒಳಗೆ ಬೆರಳಿಗೆ ಏಣು ಒತ್ತುತ್ತದೆ, ಆದ್ದರಿಂದ ಕಿಚನರ್ ಹೊಲಿಗೆ ಕಲಿಯಲೇಬೇಕು. 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕನಾಗಿದ್ದ ಲಾರ್ಡ್ ಕಿಚನರ್ ಹೆಸರೇ ಇದಕ್ಕಿರುವುದು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಹೆಂಗಸರು ಕಾಲುಚೀಲ ಹೆಣೆದು ಕಳಿಸುತ್ತಿದ್ದ ಕಾಲಕ್ಕೆ ಆ ಹೆಸರನ್ನು ಜೋಡಿಸುತ್ತಾರೆ. 

ನೂಲನ್ನು ಎರಡು ಗೇಣು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ. ಎರಡೂ ಕಡ್ಡಿಗಳನ್ನು ಒಂದರ ಹಿಂದೊಂದು ಹಿಡಿಯಿರಿ. ತಯಾರಿಗೆ, ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ದಿಕ್ಕಿನಲ್ಲಿ ಸೂಜಿ ತೂರಿಸಿ ಕುಣಿಕೆಯನ್ನು ಕಡ್ಡಿಯಲ್ಲೇ ಬಿಡಿ. ಹಿಂದಿನ ಕಡ್ಡಿಯ ಮೊದಲ ಕುಣಿಕೆಗೆ ಸೀದಾ ದಿಕ್ಕಿನಲ್ಲಿ ತೂರಿಸಿ ಅದನ್ನೂ ಬಿಡಿ. ಆಮೇಲೆ ಇದೇ ಜಪ: ಮುಂದೆ ಸೀದಾ, ಇಳಿಸು, ಮುಂದೆ ಉಲ್ಟಾ, ಉಳಿಸು. ಹಿಂದೆ ಉಲ್ಟಾ, ಇಳಿಸು. ಹಿಂದೆ ಸೀದಾ, ಉಳಿಸು. ನೂಲು ಯಾವಾಗಲೂ ಕಡ್ಡಿಗಳ ಕೆಳಗಿನಿಂದ ಬರಲಿ. ಟಿವಿ ಹಾಕಿಕೊಂಡು, ಮಾತಾಡಿಕೊಂಡು ಮಾಡುವ ಕೆಲಸವಲ್ಲ ಇದು. ಮಧ್ಯದಲ್ಲಿ ಬಿಟ್ಟು ಎದ್ದರೆ ಎಲ್ಲಿದ್ದೆವೆಂದು ಗೊತ್ತಾಗುವುದಿಲ್ಲ. 20 ಕುಣಿಕೆ ಮುಗಿಯುವವರೆಗೆ ಬಾಗಿಲು ಯಾರೇ ಬಡಿಯಲಿ, ಏಳಬೇಡಿ.

ಹಿಮ್ಮಡಿ

ಹತ್ತಿ ದಾರದ ಗೆರೆಯ ಕೆಳಗಿನ ಸಾಲಿನಲ್ಲಿ ಪಟ್ಟೆ ನೂಲಿನ ಕುಣಿಕೆಗಳು ‘ವಿ’ ಆಕಾರದಲ್ಲಿ ಕಾಣುತ್ತವೆ. ಪ್ರತಿಯೊಂದರ ಬಲಗಾಲನ್ನು ಕಡ್ಡಿಗೆ ಎತ್ತಿಕೊಳ್ಳಿ, ಒಟ್ಟು 30. ಚೀಲ ತಲೆಕೆಳಗು ಮಾಡಿ ಗೆರೆಯ ಇನ್ನೊಂದು ಬದಿಯ ಸಾಲಿನಿಂದಲೂ 30 ಎತ್ತಿಕೊಳ್ಳಿ. ಅಲ್ಲಿ ತುದಿಯಲ್ಲಿ ಒಂದು ಕಡಿಮೆ ಬಂದಂತೆ ಕಂಡರೆ ಅಂಚಿನ ಅರ್ಧ ಕುಣಿಕೆಯನ್ನೂ ಸೇರಿಸಿಕೊಳ್ಳಿ. ಎರಡೂ ಕಡೆ ಎಣಿಸಿ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಸೂಜಿ ತುದಿಯಿಂದ ಹತ್ತಿ ದಾರವನ್ನು ಒಂದೊಂದೇ ಕುಣಿಕೆಯಿಂದ ಬಿಡಿಸಿ ಎಳೆಯಿರಿ. ದಾರ ನುಣುಪಾಗಿರಬೇಕು ಎಂದದ್ದು ಇದಕ್ಕೆ. ಉಣ್ಣೆಯನ್ನೇ ಬಳಸಿದರೆ ಎಳೆಗಳು ಸಿಕ್ಕಿಕೊಳ್ಳುತ್ತವೆ. ಚೀಲದಲ್ಲಿ ಈಗ ಬಾಯಿಯೊಂದು ತೆರೆದುಕೊಂಡಿತು.

ಒಂದೇ ಬಣ್ಣದ ನೂಲು ಜೋಡಿಸಿ, 30 ಸೀದಾ ಹೆಣೆಯಿರಿ. ಮೂಲೆಯಲ್ಲಿ ಎರಡು ಹೆಚ್ಚು ಕುಣಿಕೆ ಎತ್ತಿಕೊಳ್ಳಿ. ಇನ್ನೊಂದು ಬದಿಯ 30 ಹೆಣೆದು ಆ ಮೂಲೆಯಲ್ಲೂ ಎರಡು ಎತ್ತಿಕೊಳ್ಳಿ. ಒಟ್ಟು 64. ಮೂಲೆಯಲ್ಲಿ ಹೀಗೆ ಮಾಡದಿದ್ದರೆ ಗಿಣ್ಣಿನ ಎರಡೂ ಪಕ್ಕ ತೂತು ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಮೂಲೆಯ ಪ್ರತಿ ಹೆಚ್ಚುವರಿ ಕುಣಿಕೆಯನ್ನು ಪಕ್ಕದ್ದರ ಜೊತೆ ಸೇರಿಸಿ ಹೆಣೆದು 60ಕ್ಕೆ ತನ್ನಿ. 

ಇನ್ನು ಹೊಸದಾಗಿ ಕಲಿಯುವುದೇನೂ ಇಲ್ಲ. ಬೆರಳತುದಿಗೆ ಮಾಡಿದ 17 ಸುತ್ತನ್ನೇ ಮಾಡಿ, 20 ಉಳಿದಾಗ ಕಿಚನರ್ ಹೊಲಿಗೆಯಿಂದ ಮುಚ್ಚಿ. ಈ ಬಗೆಯ ಹಿಮ್ಮಡಿಯ ಮೇಲೆ ಒಂದು ದೂರಿದೆ: ಆಳ ಸಾಲದೆ, ನಡೆಯುವಾಗ ಚೀಲ ಹಿಂದಕ್ಕೆ ಜಾರುತ್ತದೆ ಎಂದು. ಎತ್ತರದ ಪಾದ ಇರುವವರಿಗೆ ಅದು ನಿಜ. ಅವರು ಕುಣಿಕೆ ಕಡಿಮೆ ಮಾಡುವ ಮೊದಲು ಮೂರು ನಾಲ್ಕು ಸುತ್ತು ಬರೀ ಸೀದಾ ಹೆಣೆಯಲಿ, ಪಾದದ ಉದ್ದದಲ್ಲಿ ಅಷ್ಟೇ ಸುತ್ತು ಕಳೆಯಲಿ. 20 ಕುಣಿಕೆ ಇನ್ನೂ ಕಡ್ಡಿಯಲ್ಲಿರುವಾಗಲೇ ಒಮ್ಮೆ ಕಾಲಿಗೆ ಹಾಕಿ ನೋಡಬಹುದು.

ಎರಡನೆಯದು

ಮೊದಲ ಚೀಲ ಮುಗಿದ ಕೂಡಲೇ ಉಂಡೆ ತೂಗಿ. ಪಟ್ಟೆ ನೂಲು ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಚೀಟಿ ನೋಡಿ, ಹಳದಿ ಮುಗಿದು ನೀಲಿ ಬರುವ ಅದೇ ಜಾಗ ಸಿಗುವವರೆಗೆ ಉಂಡೆಯಿಂದ ನೂಲು ಎಳೆಯಿರಿ. ಒಂದಿಡೀ ಬಣ್ಣದ ಸರದಿ ವ್ಯರ್ಥವಾಗಬಹುದು, ಅದು ಕೆಲವೇ ಗ್ರಾಂ. ಮೊದಲನೆಯದಕ್ಕೆ ಉಂಡೆಯ ಒಳಗಿನಿಂದ ಎಳೆದಿದ್ದರೆ ಎರಡನೆಯದಕ್ಕೂ ಒಳಗಿನಿಂದಲೇ. ಹೊರ ತುದಿಯಿಂದ ಶುರು ಮಾಡಿದರೆ ಬಣ್ಣಗಳ ಕ್ರಮ ಹಿಂದುಮುಂದಾಗುತ್ತದೆ: ನೀಲಿ, ಹಸಿರು, ಹಳದಿ ಹೋಗಿ ಹಳದಿ, ಹಸಿರು, ನೀಲಿ. ಬಿಚ್ಚಿ ಸುತ್ತಿಕೊಳ್ಳುವವರಿಗೆ ಇದೇ ಹೆಚ್ಚು ತಪ್ಪುವ ಜಾಗ. ಅವರು ಉಂಡೆಯನ್ನು ಮೊದಲೇ ಎರಡು ಭಾಗ ಮಾಡಿ, ಎರಡನ್ನೂ ಒಂದೇ ದಿಕ್ಕಿನಲ್ಲಿ ಸುತ್ತಿಡಲಿ. ಎರಡು 50 ಗ್ರಾಂ ಉಂಡೆ ಕೊಂಡವರು ಎರಡರಲ್ಲೂ ಡೈ ಲಾಟ್ ಸಂಖ್ಯೆ (ಯಾವ ಸಲ ಬಣ್ಣ ಹಾಕಿದ್ದು ಎಂಬ ಗುರುತು) ಒಂದೇ ಇದೆಯೇ ನೋಡಿ.

ಎರಡೂ ಹೊಂದಲೇಬೇಕೆಂಬ ಹಟವಿಲ್ಲದವರು ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಬಣ್ಣಗಳು ಅವೇ ಇರುವುದರಿಂದ ಜೊತೆ ಎಂದು ಗೊತ್ತಾಗಿಯೇ ಆಗುತ್ತದೆ. ಮಕ್ಕಳಿಗಂತೂ ಹಾಗೇ ಇಷ್ಟ. ನನಗೆ ಹೊಂದಬೇಕು.

ನೂಲಿಗೆ ನೀವೇ ಪಟ್ಟೆ ಹಾಕುವುದಾದರೆ

ಬಣ್ಣ ಹಾಕದ ಬಿಳಿ ಕಾಲುಚೀಲ ನೂಲು ಸಿಕ್ಕರೆ ಇದನ್ನೂ ಮಾಡಬಹುದು. ವರಾಂಡದಲ್ಲಿ 6 ಮೀಟರ್ ದೂರಕ್ಕೆ ಎರಡು ಕುರ್ಚಿ ಬೋರಲು ಹಾಕಿ, ಅವುಗಳ ಕಾಲಿಗೆ ನೂಲು ಸುತ್ತಿದರೆ 12 ಮೀಟರ್ ಸುತ್ತಿನ ಲಡಿಯಾಗುತ್ತದೆ. ಅದನ್ನು 3 ಮೀಟರಿಗೊಂದರಂತೆ ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ನಾಲ್ಕು ಭಾಗಕ್ಕೆ ನಾಲ್ಕು ಪಾತ್ರೆ, ನಾಲ್ಕು ಬಣ್ಣ. ಉಣ್ಣೆಗೆ ಹಿಡಿಯುವುದು ಆಸಿಡ್ ಡೈ. ನೀರಿಗೆ ವಿನೆಗರ್ ಸೇರಿಸಿ, ಮೊದಲೇ ನೆನೆಸಿದ ನೂಲನ್ನು ಅದ್ದಿ, ಕುದಿಯಲು ಬಿಡದೆ ಸಣ್ಣ ಉರಿಯಲ್ಲಿ ನೀರು ತಿಳಿಯಾಗುವವರೆಗೆ ಇಡಬೇಕು. ಕೈಯಾಡಿಸಬಾರದು. ಪಾತ್ರೆಯಲ್ಲೇ ತಣಿದ ಮೇಲೆ ತೊಳೆಯಬೇಕು. ಆ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ. 60 ಕುಣಿಕೆಯ ಚೀಲದಲ್ಲಿ ಈ ನೂಲು ನಾಲ್ಕು ಸುತ್ತಿನ ನಾಲ್ಕು ಪಟ್ಟೆ ಕೊಡುತ್ತದೆ. 

ಒಗೆಯುವುದು, ಒಣಗಿಸುವುದು

ನೂಲಿನ ಬಾಲಗಳನ್ನೆಲ್ಲ ಒಳಬದಿಯಲ್ಲಿ ಸೂಜಿಯಿಂದ ಹೆಣೆದು ಮುಚ್ಚಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ನೆನೆಸಿಡಿ. ಉಜ್ಜಬೇಡಿ, ಹಿಂಡಬೇಡಿ. ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ಹೆಚ್ಚಿನ ನೀರು ಹೋಗುತ್ತದೆ. ಜೂನ್, ಜುಲೈ ಮಳೆಯಲ್ಲಿ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ; ಒಲೆಯ ಹತ್ತಿರ ನೇತುಹಾಕುವುದಾದರೆ ಕೈಗೆ ಬೆಚ್ಚಗೆ ಅನ್ನಿಸುವಷ್ಟು ದೂರದಲ್ಲಿರಲಿ, ಹೀಟರಿನ ಮೇಲೆ ಬೇಡ. ಎತ್ತಿಡುವ ಮೊದಲಿನ ಕೊನೆಯ ನೀರಿಗೆ ನಾಲ್ಕೈದು ತೊಟ್ಟು ನೀಲಗಿರಿ ಎಣ್ಣೆ ಹಾಕಿದರೆ ಉಣ್ಣೆ ತಿನ್ನುವ ಹುಳು ದೂರವಿರುತ್ತದೆ, ಮುಗ್ಗಲು ವಾಸನೆಯೂ ಹೋಗುತ್ತದೆ. ತೇವ ಸ್ವಲ್ಪ ಉಳಿದಿದ್ದರೂ ಟ್ರಂಕಿಗೆ ಹಾಕಬೇಡಿ.

ಉಳಿದ ಒಂದೇ ಬಣ್ಣದ ನೂಲನ್ನು ಜೋಪಾನವಾಗಿಡಿ. ಎರಡು ಚಳಿಗಾಲ ಕಳೆದ ಮೇಲೆ ಹಿಮ್ಮಡಿ ಸವೆದರೆ, ಕಿಚನರ್ ಹೊಲಿಗೆ ಬಿಚ್ಚಿ, ಹಿಮ್ಮಡಿಯನ್ನಷ್ಟೇ ಪಟ್ಟೆ ನೂಲಿನ ಅಂಚಿನವರೆಗೆ ಬಿಚ್ಚಿ, ಅಲ್ಲಿ ಸಿಗುವ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಹೊಸದಾಗಿ ಹೆಣೆಯಬಹುದು. ಚೀಲದ ಬೇರೆ ಯಾವ ಭಾಗವನ್ನೂ ಮುಟ್ಟಬೇಕಾಗಿಲ್ಲ. ಒಂದು ಹಿಮ್ಮಡಿಗೆ ನಾಲ್ಕೈದು ಗ್ರಾಂ ನೂಲು ತೆಗೆದಿಟ್ಟರೆ ಸಾಕು.